ಅಪ್ಪಟ ಎಳಗ

ಕಡೂರಿನ ಸಂತೆ ಮೈದಾನದಲ್ಲಿ ಸಣ್ಣಬೀರಪ್ಪ ಒಂದು ಟಗರಿನ ಕೊಂಬಿನ ಹಿಂದೆ ಒದ್ದೆ ಅಂಗೈ ಆಡಿಸಿ, "ಇದು ಬೆರಕೆ" ಎಂದಿದ್ದ. ಅಷ್ಟೇ. ಆ ಮಾತು ಬಾಯಿಂದ ಬಿದ್ದು ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ, ಟಗರಿನ ಯಜಮಾನ ಮಂಡಿ ಕಲ್ಲಪ್ಪ ಅದರ ಕತ್ತು ಕೊಯ್ದು ನೆಲಕ್ಕೆ ಕೆಡವಿದ್ದ. ಕೆಡವಿದ ಮೇಲೂ ಅವನ ಪಿತ್ತ ಇಳಿಯಲಿಲ್ಲ. ಟಗರನ್ನು ಮೇಯಿಸುತ್ತಿದ್ದ ಆಳು ಮುದ್ದಪ್ಪನನ್ನು ಎಳೆತರಿಸಿ, ಅವನ ಎರಡೂ ಕೈಗಳನ್ನು ಗಾಡಿಯ ಗಾಲಿಯ ಮೇಲೆ ಇಡಿಸಿ, ಗಾಡಿಗೂಟ ಕಿತ್ತುಕೊಂಡು ಬಡಿದ. "ತಾಯಿಕುರಿ ಕಾಯೋ ಅಂದ್ರೆ ಊರ ಟಗರಿಗೆಲ್ಲ ಬಿಟ್ಟಿದ್ದೀಯೇನೋ" ಎನ್ನುತ್ತ ಬಡಿದ. ಸಂತೆಗೆ ಬಂದ ಜನ ಸುತ್ತ ನಿಂತು ನೋಡಿದರು. ನೋಡುವುದಕ್ಕೆ ಜನ ಯಾವತ್ತೂ ಸಿಗುತ್ತಾರೆ, ಬಿಡಿಸುವುದಕ್ಕೆ ಕರೆದರೆ ಎಲ್ಲರಿಗೂ ಬಸ್ಸಿನ ಹೊತ್ತಾಗಿರುತ್ತದೆ. ಮುದ್ದಪ್ಪನ ಕೈಗಳಿಗೆ ಯಾರೋ ಬಿದಿರ ದಬ್ಬೆ ಕಟ್ಟಿದರು. ಒಂದು ಕೈ ಕೊಳೆಯಿತು. ಆ ಮಳೆಗಾಲ ಮುಗಿಯುವ ಮೊದಲೇ ಅವನು ಸತ್ತ.

ಸಣ್ಣಬೀರಪ್ಪ ಅಂದು ಸುಳ್ಳು ಹೇಳಿರಲಿಲ್ಲ. ಅದೇ ಅವನ ಸಂಕಟ. ಸುಳ್ಳು ಹೇಳಿದ್ದರೆ ದೇವರಿಗೆ ತಪ್ಪುಕಾಣಿಕೆ ಹಾಕಿ ಹಗುರಾಗಬಹುದಿತ್ತು. ನಿಜ ಹೇಳಿ ಒಬ್ಬನನ್ನು ಸಾಯಿಸಿದವನು ಯಾವ ದೇವರ ಮುಂದೆ ಏನೆಂದು ಬೇಡಿಕೊಳ್ಳಬೇಕು? ಹೆಂಡತಿ ಕೆಂಚಮ್ಮ ಮುದ್ದೆ ಇಟ್ಟರೆ ಅರ್ಧಕ್ಕೇ ಕೈ ತೊಳೆಯುತ್ತಿದ್ದ.

ಯಗಟಿಯ ಸುತ್ತಮುತ್ತ ಟಗರಿನ ಹುಚ್ಚು ಹತ್ತಿದವರಿಗೆ ಎಳಗ ಎಂದರೆ ಪ್ರಾಣ. ಉಣ್ಣೆಗೆಂದು ಸಾಕುವ ಕಂಬಳಿಕುರಿ ಬೇರೆ, ಎಳಗ ಬೇರೆ. ಎಳಗಕ್ಕೆ ಉಣ್ಣೆಯಿಲ್ಲ. ಹಸುವಿನ ಮೈಯಂಥ ನುಣುಪು ಕೂದಲು, ಕೆಂಚು ಬಣ್ಣ, ಉದ್ದ ಕಾಲು, ಉಬ್ಬಿದ ಮೂಗು. ಅದು ಗುದ್ದಲಿಕ್ಕೇ ಹುಟ್ಟಿದ್ದು ಎಂದು ಅವರ ನಂಬಿಕೆ. ಹುರುಳಿ ನೆನೆಸಿ ತಿನ್ನಿಸುತ್ತಾರೆ, ನಡುಮನೆಯಲ್ಲಿ ಮಲಗಿಸುತ್ತಾರೆ, ಹೆತ್ತ ಮಕ್ಕಳಿಗೆ ಇಲ್ಲದ ಮುದ್ದು ಅದಕ್ಕೆ. ಹಿಂಡಿಗೆ ಹೊಸ ಟಗರು ಬಿಡುವ ಮೊದಲು ಅದು ಅಪ್ಪಟ ಎಳಗವೋ, ಬೇರೆ ರಕ್ತ ಬೆರೆತಿದೆಯೋ ನೋಡಿಸಲೇಬೇಕು. ಒಂದು ಸಲ ಎಡವಿದರೆ ಹಿಂಡಿನ ತಳಿಯೇ ಕೆಟ್ಟಿತು. ನೋಡುವವನು ಸಣ್ಣಬೀರಪ್ಪ. ಅಂಗೈಗೆ ನೀರು ಸವರಿಕೊಂಡು ಕೊಂಬಿನ ಹಿಂದಿನ ಕೂದಲನ್ನು ಎದುರಾಗಿ ನೀವುತ್ತಿದ್ದ. ಅಪ್ಪಟವಾದರೆ ಕೂದಲು ತಾನಾಗಿ ಮಲಗುತ್ತದೆ, ಬೆರಕೆಯಾದರೆ ಬುಡದಲ್ಲಿ ಹತ್ತಿಯಂಥ ನವಿರು ಎದ್ದು ನಿಲ್ಲುತ್ತದೆ. ಆಮೇಲೆ ಮುಂಗಾಲಿನ ಸಂದಿ ನೋಡಿ, ಕೊಂಬುಗಳ ನಡುವೆ ಹೆಬ್ಬೆರಳು ಒತ್ತಿ, ಒಂದೇ ಮಾತು ಹೇಳುತ್ತಿದ್ದ. ಆ ಮಾತಿಗೊಂದು ಕಟ್ಟೂ ಇತ್ತು. ಯಾವ ಟಗರನ್ನು ಅಪ್ಪಟ ಎಂದನೋ, ಅದನ್ನು ಮೊದಲು ಅವನ ಹಿಂಡಿಗೇ ಬಿಡಬೇಕು. ಅವನ ಮಾತಿಗೆ ಅವನ ಕುರಿಗಳೇ ಜಾಮೀನು.

ಮುದ್ದಪ್ಪ ಸತ್ತು ಕೆಲವು ವರ್ಷ ಕಳೆದಿದ್ದವು. ಮುಂಗಾರು ಬಿದ್ದು ನೆಲ ಹಸಿರಾಗಿ, ಕುರಿಗಳು ಬೆದೆಗೆ ಬರುತ್ತಿದ್ದ ಕಾಲ. ಒಂದು ಬೆಳಗ್ಗೆ ಮುದ್ದಪ್ಪನ ಹೆಂಡತಿ ಯಲ್ಲಮ್ಮ ಯಗಟಿಯ ಬಸ್ಸಿಳಿದು ನೇರ ಸಣ್ಣಬೀರಪ್ಪನ ಹಟ್ಟಿಗೆ ಬಂದಳು. ಗಂಡ ಸತ್ತ ಮೇಲೂ ಅವಳು ಅಜ್ಜಂಪುರದಲ್ಲಿ ಅದೇ ಕಲ್ಲಪ್ಪನ ಕುರಿ ಕಾಯುತ್ತಿದ್ದಳು. ಇನ್ನೆಲ್ಲಿಗೆ ಹೋಗಬೇಕು ಎಂದು ಅವಳಿಗೂ ಗೊತ್ತಿರಲಿಲ್ಲ, ಯಾರೂ ಬಾ ಎಂದೂ ಕರೆದಿರಲಿಲ್ಲ. ಕೆಂಚಮ್ಮ ನೀರು ಕೊಟ್ಟಳು. ಯಲ್ಲಮ್ಮ ಚೊಂಬು ಕೆಳಗಿಟ್ಟು ಸುತ್ತುಬಳಸದೆ ಹೇಳಿದಳು.

"ಅಣ್ಣಾ, ನಾಳಿದ್ದು ನಮ್ಮ ಸಾವ್ಕಾರ್ರು ಟಗರು ತತ್ತಾರೆ, ನಿನ್ನ ಹತ್ರ ನೋಡ್ಸಕ್ಕೆ."

"ತರ್ಲಿ. ನೋಡಾನ."

"ಅದು ಬೆರಕೆ ಕಣಣ್ಣ."

ಅವಳು ಹೇಳುತ್ತ ಹೋದಳು. ಪಕ್ಕದೂರಿನ ಹಿಂಡಿನಲ್ಲಿ ಸರ್ಕಾರದವರು ಉಣ್ಣೆ ಹೆಚ್ಚಲಿ ಎಂದು ಕೊಟ್ಟ ಸೀಮೆ ಟಗರೊಂದಿತ್ತು. ಕೆರೆಯಂಗಳದಲ್ಲಿ ಎರಡೂ ಹಿಂಡು ಮೇಯುತ್ತಿದ್ದಾಗ ಯಲ್ಲಮ್ಮ ಚಳಿಜ್ವರ ಬಂದು ಮರದಡಿ ಬಿದ್ದಿದ್ದಳು. ಎದ್ದು ನೋಡುವ ಹೊತ್ತಿಗೆ ಕಲ್ಲಪ್ಪನ ಒಳ್ಳೆಯ ಎಳಗದ ಕುರಿಯ ಮೇಲೆ ಆ ಸೀಮೆ ಟಗರು ಹತ್ತಿ ಇಳಿದಾಗಿತ್ತು. ಕುರಿ ಮರಿ ಹಾಕಿ ಸತ್ತಿತು. ಮರಿಯನ್ನು ಇವಳೇ ಬಟ್ಟೆಚೂರಿಗೆ ಮೇಕೆಹಾಲು ಅದ್ದಿ ಚೀಪಿಸಿ, ಸೆರಗಿನೊಳಗೆ ಮಲಗಿಸಿ ಬದುಕಿಸಿದಳು. ಮುತ್ತ ಎಂದು ಹೆಸರಿಟ್ಟಳು. ಈಗದು ಸೊಂಟದೆತ್ತರದ ಟಗರು. ಕಲ್ಲಪ್ಪ ಅದನ್ನು ತನ್ನ ಹಿಂಡಿಗೇ ಬಿಡಬೇಕೆಂದು ಕುಣಿಯುತ್ತಿದ್ದ.

"ನೀನು ಅಪ್ಪಟ ಅಂದ್ಬಿಡು," ಎಂದಳು ಯಲ್ಲಮ್ಮ. "ಗುಟ್ಟು ಬಯಲಾಗೋದು ಮರಿ ಬಿದ್ಮೇಲೆ, ಅದಕ್ಕೆ ಐದು ತಿಂಗ್ಳು ಐತೆ. ಅಷ್ಟರಲ್ಲಿ ನಾನು ಮುತ್ತನ್ನ ಹೊಡ್ಕೊಂಡು ಲಕ್ಕವಳ್ಳಿಗೆ ಹೋಯ್ತೀನಿ. ಅಣೆಕಟ್ಟೆ ಕೆಲಸಕ್ಕೆ ಎಲ್ಲೆಲ್ಲಿಂದ್ಲೋ ಜನ ಬಂದವ್ರಂತೆ, ಯಾರು ಯಾರ್ನೂ ಕೇಳಲ್ವಂತೆ. ಕಲ್ಲು ಹೊತ್ಕೊಂಡು ಬದುಕ್ತೀನಿ."

"ಟಗರು ಕಟ್ಕೊಂಡು ಹೋಗೋ ಹೆಂಗಸನ್ನ ಯಾರೂ ಗುರುತು ಹಿಡಿಯಲ್ಲ ಅಂದ್ಕೊಂಡ್ಯಾ? ಸಿಕ್ಕಾಕ್ಕೊಂಡ್ರೆ?"

"ಸಿಕ್ಕಾಕ್ಕೊಂಡ್ರೆ ಹೊಡೀತಾನೆ. ಹೊಡೀಲಿ, ತಿಂತೀನಿ. ಮುತ್ತ ಉಳಿದ್ರೆ ಸಾಕು ನಂಗೆ." ದನಿ ಇಳಿಸಿದಳು. "ಅದನ್ನ ನಿನ್ನ ಕುರಿಗೆ ಬಿಡ್ಬೇಕಾಯ್ತದೆ, ನಿನ್ನ ಹಿಂಡು ಕೆಡ್ತದೆ. ಗೊತ್ತು ಕಣಣ್ಣ. ನನ್ನ ಗಂಡನ ಮಖ ನೋಡಿ ಒಪ್ಕೊ. ಇನ್ಯಾರನ್ನ ಕೇಳ್ಲಿ ನಾನು?"

ಸಣ್ಣಬೀರಪ್ಪ "ಆಯ್ತು ಹೋಗವ್ವ, ನಾನಿದ್ದೀನಿ" ಎಂದ. ಅವಳು ಅವನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದಳು.

'ನಾನಿದ್ದೀನಿ' ಎನ್ನುವುದು ಸುಲಭ. ಅವಳು ಕಣ್ಮರೆಯಾದದ್ದೇ ಅವನು ರೊಪ್ಪದ ಬೇಲಿಗೆ ಒರಗಿ ತನ್ನ ಕುರಿಗಳನ್ನು ನೋಡಿದ. ಅಜ್ಜನ ಕಾಲದಿಂದ ಒಂದು ತೊಟ್ಟು ಹೊರಗಿನ ರಕ್ತ ಬೀಳದ ಹಿಂಡು. ಬರಗಾಲದಲ್ಲಿ ಅವನಪ್ಪ ತಾನು ಹಸಿದುಕೊಂಡು ಇವಕ್ಕೆ ಜಾಲಿಕಾಯಿ ಹೊಂದಿಸಿದ್ದ. ಹೊರಗೆ ಗೂಟದಲ್ಲಿ ಹಿಂಡಿನ ಟಗರು ಬಂಟ ಕೊಂಬು ಉಜ್ಜುತ್ತಿತ್ತು. ಬೆದೆಗೆ ಬಂದ ಕುರಿಗಳು ರೊಪ್ಪದೊಳಗೆ ಬಾಲ ಆಡಿಸುತ್ತ ತಿರುಗುತ್ತಿದ್ದವು. ಅವುಗಳ ಮೇಲೆ ಸೀಮೆ ಟಗರಿನ ಮಗ ಹತ್ತುವುದನ್ನು ನೆನೆದರೆ ಅವನ ಮೈಯಲ್ಲಿ ಮುಳ್ಳೆದ್ದಿತು.

ರಾತ್ರಿ ಉಣ್ಣುವಾಗ ಕೆಂಚಮ್ಮನಿಗೆ ಹೇಳಿದ. "ಉಪಾಯ ಸಿಕ್ತು ಕಣೆ. ಟಗರನ್ನ ಅಪ್ಪಟ ಅಂತೀನಿ. ಆದ್ರೆ ಕುರಿಗೆ ಬಿಡೋಕೆ ಮುಂಚೆ ನಮ್ಮ ಬಂಟನ ಜೊತೆ ಗುದ್ಸಿ ನೋಡ್ಬೇಕು ಅಂತೀನಿ. ಹಂಗೆ ಕೇಳೋದು ವಾಡಿಕೆನೇ. ಸೀಮೆ ರಕ್ತ ಬಿದ್ದ ತಲೆ ಬರೀ ಮಡಕೆ. ತರೀಕೆರೆ ಕಾಳಗದಾಗೆ ನಾನೇ ನೋಡಿವ್ನಿ, ಒಂದೇ ಗುದ್ದಿಗೆ ಬುರುಡೆ ಬಿರೀತು. ಇದೂ ಹಂಗೇ ಸಾಯ್ತದೆ. ಕಣದಾಗೆ ಸತ್ರೆ ಮಾನವಾಗಿ ಸತ್ತಂಗೆ, ಯಲ್ಲವ್ವನ ಮೇಲೆ ತಪ್ಪಿಲ್ಲ. ನಮ್ಮ ಕುರಿನೂ ಉಳಿತವೆ."

"ಅವ್ಳು ಕೇಳಿದ್ದು ಟಗರು ಉಳಿಸು ಅಂತ ಅಲ್ವೇನಯ್ಯ?"

"ಬಾಯಾಗೆ ಟಗರು ಅಂತಾಳೆ. ಜೀವದ ಭಯ ಕಣೆ ಅವ್ಳಿಗೆ. ನಂಗೆ ತಿಳಿಯಲ್ವಾ?"

"ನಿಂಗೆ ಕುರಿ ತಿಳಿತದೆ," ಎಂದಳು ಕೆಂಚಮ್ಮ. "ಅವ್ಳು ಕೇಳಿದ್ದನ್ನ ಮಾಡು. ಹಿಂಡು ಕೆಟ್ರೆ ಕೆಡ್ಲಿ, ನಾವೇನು ಅದರ ಮೇಲೆ ಸ್ವರ್ಗಕ್ಕೆ ಹೋಗಬೇಕಾ?" ಅವನು ಎದ್ದು ಕೈ ತೊಳೆದ. ಅಂದು ಮುದ್ದೆ ಪೂರ್ತಿ ಉಂಡಿದ್ದ.

ಹೇಳಿದ ದಿನ ಹೊತ್ತೇರುವಾಗ ಕಲ್ಲಪ್ಪನ ಲಾರಿ ಹಟ್ಟಿಯ ಮುಂದೆ ಧೂಳೆಬ್ಬಿಸಿ ನಿಂತಿತು. ಅದರ ಸದ್ದಿಗೆ ಊರವರೂ ಬಂದು ಬೇಲಿಯ ಸುತ್ತ ನೆರೆದರು. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟು ಮೇಲೆ ಬಂದ ಮನುಷ್ಯ, ಲಾರಿಯಿಂದ ಇಳಿಯುವಾಗಲೂ ಯಾರನ್ನೋ ತುಳಿಯುವವನ ಹಾಗೇ ಇಳಿದ. ಅವನ ಹಿಂದೆ ತರೀಕೆರೆಯ ಫಕ್ರುದ್ದೀನ್ ಸಾಬರು ಇಳಿದರು. ಅವರು ಮಾಂಸದಂಗಡಿಯವರು, ಟಗರಿನ ಕಾಳಗ ಎಲ್ಲಿದ್ದರೂ ಮುಂದೆ ನಿಂತು ನ್ಯಾಯ ಹೇಳುವವರು. ಕಂಕುಳಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಛೂರಿ ಇತ್ತು. ಅದನ್ನು ಬೇಲಿಯ ಪಕ್ಕದ ಕಲ್ಲಿನ ಮೇಲೆ ಬೇಸರದಿಂದ ಇಟ್ಟರು.

"ಸಾಬರನ್ನ ಯಾಕೆ ಕರ್ಕೊಂಡ್ ಬಂದಿವ್ನಿ ಗೊತ್ತೇನಪ್ಪಾ ಬೀರ?" ಎಂದ ಕಲ್ಲಪ್ಪ. "ಹೋದ ಸಲ ನಾನೇ ಕೊಯ್ದು ಅಂಗಿಯೆಲ್ಲ ರಕ್ತ ಆಯ್ತು. ಈ ಸಲ ನೀನು ಬೆರಕೆ ಅಂದ್ರೆ ಸಾಬರು ಕೊಯ್ತಾರೆ. ಸಾಕಿದೋಳ್ನ ನಾನು ನೋಡ್ಕೊತೀನಿ."

"ಕೋಪಕ್ಕೆ ಕೊಯ್ಯೋದು ನನ್ನ ಕಸುಬಲ್ಲ ಸಾವ್ಕಾರ್ರೇ, ಲಾರಿ ಹತ್ತೋವಾಗ್ಲೇ ಹೇಳಿದೀನಿ," ಎಂದರು ಫಕ್ರುದ್ದೀನ್. ಕಲ್ಲಪ್ಪ ನಕ್ಕು ಲಾರಿಯ ಹಿಂಬದಿಗೆ ಹೋದ.

ಯಲ್ಲಮ್ಮ ಮುತ್ತನನ್ನು ಇಳಿಸಿದಳು. ಹಗ್ಗ ಹಿಡಿಯಬೇಕಾಗಿಯೇ ಇರಲಿಲ್ಲ, ಅವಳು ನಡೆದರೆ ಅದೂ ನಡೆಯಿತು, ಅವಳು ನಿಂತರೆ ಅವಳ ಸೊಂಟಕ್ಕೆ ಮೂತಿ ಒತ್ತಿ ನಿಂತಿತು. ಕೆಂಚು ಮೈ ಮಿರಮಿರ ಮಿಂಚುತ್ತಿತ್ತು. ನೋಡಿದವರು ಅಪ್ಪಟ ಎಂದೇ ಹೇಳಬೇಕು. ಸಣ್ಣಬೀರಪ್ಪ ಅಂಗೈಗೆ ನೀರು ಸವರಿಕೊಂಡು ಕೊಂಬಿನ ಹಿಂದೆ ನೀವಿದ. ಬೆರಳ ಸಂದಿಯಲ್ಲಿ ನವಿರು ಎದ್ದು ನಿಂತಿತು. ಅದನ್ನು ಅಂಗೈಯಲ್ಲೇ ಮುಚ್ಚಿ, ಬೆರಳಿನಿಂದ ಒತ್ತಿ ಮಲಗಿಸಿದ. ಮುತ್ತನಿಗೆ ಆ ನೀವಿಕೆ ಹಿತವಾಯಿತೋ ಏನೋ, ಕತ್ತು ಚಾಚಿ ಕಣ್ಣು ಅರೆಮುಚ್ಚಿತು. ಯಲ್ಲಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಕಲ್ಲಪ್ಪ ಅವಳ ಮುಖವನ್ನು ನೋಡುತ್ತಿದ್ದ.

"ಅಪ್ಪಟ ಎಳಗ," ಎಂದ ಸಣ್ಣಬೀರಪ್ಪ. ಬದುಕಿನಲ್ಲಿ ಅವನು ಟಗರಿನ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು. ನಾಲಿಗೆ ತಡವರಿಸಲಿಲ್ಲ.

ಯಲ್ಲಮ್ಮ ಗಳಗಳ ಅತ್ತಳು. ಕಲ್ಲಪ್ಪ ಕೇಕೆ ಹಾಕಿ, "ಹಂಗಾದ್ರೆ ಬಿಡು ನಿನ್ನ ಕುರಿಗೆ, ಈಗ್ಲೇ, ನನ್ನ ಕಣ್ಣೆದುರಿಗೆ!" ಎಂದ.

"ಬಿಡಾನ ಸಾವ್ಕಾರ್ರೇ. ಮೊದ್ಲು ನಮ್ಮ ಬಂಟನ ಜೊತೆ ಗುದ್ದು ನೋಡಾನ. ಹಿಂಡಿಗೆ ಇಳಿಯೋ ಟಗರು ಹಿಂಡಿನ ಟಗರಿಗೆ ತಲೆ ಕೊಡ್ಬೇಕಲ್ಲ."

ಯಲ್ಲಮ್ಮನ ಅಳು ನಿಂತಿತು. "ಅಣ್ಣಾ?" ಎಂದಳು. ಅವನು ಆ ಕಡೆ ತಿರುಗಲಿಲ್ಲ. "ಅದು ಎಂದೂ ಗುದ್ದಿಲ್ಲ ಕಣಣ್ಣ, ನಂಜೊತೆ ಆಡೋದೊಂದೇ ಗೊತ್ತು ಅದಕ್ಕೆ," ಎಂದು ಹಗ್ಗ ಕೈಗೆ ಸುತ್ತಿಕೊಂಡಳು. ಕಲ್ಲಪ್ಪ ಅವಳ ಕೆನ್ನೆಗೆ ಬಾರಿಸಿ ಹಗ್ಗ ಕಿತ್ತುಕೊಂಡ.

ಹಟ್ಟಿಯ ಮುಂದಿನ ಬಯಲಲ್ಲಿ ಎರಡು ಟಗರುಗಳನ್ನೂ ದೂರ ದೂರ ನಿಲ್ಲಿಸಿದರು. ಬಂಟ ಈ ಆಟದಲ್ಲಿ ಹಳಬ, ನೆತ್ತಿಯ ತುಂಬ ಗಾಯದ ಗೆರೆಗಳು, ಒಂದು ಕಿವಿ ಹರಿದದ್ದು. ಫಕ್ರುದ್ದೀನ್ ಕೈ ಇಳಿಸಿದ್ದೇ ಅದು ತಲೆ ತಗ್ಗಿಸಿ ಹೊರಟಿತು. ಮುತ್ತ ಸುಮ್ಮನೆ ನಿಂತಿತ್ತು. ಬಂಟನ ಗುದ್ದು ನೇರ ನೆತ್ತಿಗೆ ಬಿತ್ತು. ಆ ಸದ್ದಿಗೆ ರೊಪ್ಪದ ಕುರಿಗಳು ಒಂದರ ಮೇಲೊಂದು ಬಿದ್ದವು. ಮುತ್ತ ಕುಸಿದು ಮೊಣಕಾಲೂರಿತು, ಕೊಂಬಿನ ಬುಡದಿಂದ ರಕ್ತ ಇಳಿದು ಕಣ್ಣು ತುಂಬಿತು. ಸಣ್ಣಬೀರಪ್ಪ ಮನಸ್ಸಿನಲ್ಲೇ 'ಇನ್ನೊಂದು, ಇನ್ನೊಂದೇ' ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯೂ ಆಗಲಿಲ್ಲ.

ಎರಡನೆಯದಕ್ಕೆ ಮುತ್ತ ಎದ್ದು ನಿಂತಿತು. ಯಾರೂ ಕಲಿಸದ ವಿದ್ಯೆ ಅದಕ್ಕೆ ಎಲ್ಲಿಂದ ಬಂತೋ, ನೆಟ್ಟಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಬಂಟ ಹತ್ತಿರ ಬರುವ ತನಕ ಕಾದು, ಎಗರಿ ಗುದ್ದಿತು. ಎರಡೂ ತಲೆಗಳು ಗಾಳಿಯಲ್ಲಿ ಕೂಡಿದವು. ಬಂಟನ ಮೂಗಿನಿಂದ ರಕ್ತ ಚಿಮ್ಮಿ ಫಕ್ರುದ್ದೀನರ ಪಂಚೆಗೆ ಬಿತ್ತು. "ಸಾಕು ಸಾವ್ಕಾರ್ರೇ, ಎರಡೂ ಒಳ್ಳೇವು, ಬಿಡ್ಸಿ" ಎಂದು ಅವರು ಕೂಗಿದರು. ಕಲ್ಲಪ್ಪನ ಕಣ್ಣುಗಳು ಕೆಂಡವಾಗಿದ್ದವು, ಅವನಿಗೆ ಕೇಳಿಸಲೇ ಇಲ್ಲ. ಸಣ್ಣಬೀರಪ್ಪನಿಗೆ ಕೇಳಿಸಿತು, ಆದರೆ ಅವನು ತಡೆಯಲಿಲ್ಲ. ಬಂಟ ತಲೆ ಕೊಡವುತ್ತ, ಕಾಲು ಓರೆಯಾಗಿ ಹಾಕುತ್ತ ಮತ್ತೆ ಓಡಿತು. ಮುತ್ತ ಇನ್ನೂ ದೂರದಿಂದ ಬಂತು. ಕಟ್ ಎಂದು ಒಂದೇ ಸದ್ದು. ಬಂಟನ ಕತ್ತು ಹಿಂದಕ್ಕೆ ಮಡಚಿಕೊಂಡಿತು. ಮುಂಗಾಲು ಚಾಚಿ ಬಿದ್ದು, ನೆಲವನ್ನು ಒಮ್ಮೆ ಕೆರೆದು ಸತ್ತಿತು.

ಸೀಮೆ ರಕ್ತದ ತಲೆ ಮಡಕೆ ಎಂದು ಒಂದೇ ಒಂದು ಟಗರು ನೋಡಿ ತೀರ್ಮಾನಿಸಿದ ಮಹಾನುಭಾವ ತನ್ನ ಟಗರಿನ ಹೆಣದ ಮುಂದೆ ಬಾಯಿ ತೆರೆದು ನಿಂತಿದ್ದ. ಯಲ್ಲಮ್ಮ ಓಡಿಬಂದು ಮುತ್ತನ ಕಣ್ಣಿನ ರಕ್ತವನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. "ಸಾಕು ಕಣೋ ಮಗಾ, ಆಯ್ತು, ಎಲ್ಲ ಆಯ್ತು," ಎನ್ನುತ್ತಿದ್ದಳು. ಅವಳ ಮುಖದಲ್ಲಿ ನಗು ಬಂದಿತ್ತು. ಅವಳ ಪಾಲಿಗೆ ಎಲ್ಲ ಆಗಿತ್ತು, ಟಗರು ಬದುಕಿತ್ತು, ಐದು ತಿಂಗಳು ಕೈಯಲ್ಲಿದ್ದವು.

"ನೋಡಿದ್ರೇನ್ರೋ! ಅಪ್ಪಟ ಅಂದ್ರೆ ಇದು!" ಎಂದು ಕಲ್ಲಪ್ಪ ಕೂಗಾಡುತ್ತ ಅವಳನ್ನು ಪಕ್ಕಕ್ಕೆ ತಳ್ಳಿ, ಮುತ್ತನ ಕೊಂಬು ಹಿಡಿದು ರೊಪ್ಪದ ಕಡೆ ಎಳೆದ. "ತೆಗಿ ಬಾಗ್ಲು. ಇವತ್ತು ನಿನ್ನ ಹಿಂಡಿಗೆ ಗಂಡಸು ಬಂದವ್ನೆ."

ಕಲ್ಲಪ್ಪ ಕಾಲಿನಿಂದಲೇ ಮುಳ್ಳಿನ ಬಾಗಿಲು ಸರಿಸಿದ. ಒಳಗೆ ಬೆದೆಯ ಕುರಿಗಳು ಮುಖ ಈ ಕಡೆ ತಿರುಗಿಸಿದವು. ಸಣ್ಣಬೀರಪ್ಪನಿಗೆ ಒಂದು ಕ್ಷಣಕ್ಕೆ ಎಲ್ಲವೂ ಕಂಡಿತು. ಬರುವ ಸುಗ್ಗಿಗೆ ಈ ರೊಪ್ಪದಲ್ಲಿ ಗುಂಗುರು ಉಣ್ಣೆಯ ಮರಿಗಳು ಕುಣಿಯುತ್ತವೆ. ಊರವರು ಬೇಲಿಗೆ ಒರಗಿ ನಗುತ್ತಾರೆ. ಕಲ್ಲಪ್ಪ ಲಾರಿ ತೆಗೆದುಕೊಂಡು ಲಕ್ಕವಳ್ಳಿಗೆ ಹೋಗಿ ಯಲ್ಲಮ್ಮನನ್ನು ಕೂದಲು ಹಿಡಿದು ಎಳೆತರುತ್ತಾನೆ. ಇದಕ್ಕೆಲ್ಲ ಒಂದೇ ದಾರಿ ಎಂದು ಅವನಿಗೆ ತೋರಿತು. ತೋರಿದ್ದೇ ತಡ, ಕಲ್ಲಿನ ಮೇಲಿದ್ದ ಛೂರಿ ಅವನ ಕೈಯಲ್ಲಿತ್ತು.

"ನನ್ನ ಬಂಟನ್ನ ಕೊಂದ್ಬಿಡ್ತಲ್ಲೋ!" ಎಂದು ಹುಚ್ಚು ಹಿಡಿದವನ ಹಾಗೆ ಚೀರಿದ. ಅರ್ಧ ನಟನೆ, ಅರ್ಧ ನಿಜ. ಎಡಗೈಯಲ್ಲಿ ಮುತ್ತನ ಕೊಂಬು ಹಿಡಿದ. ಆ ಟಗರಿಗೆ ಅವನ ಕೈಯ ಗುರುತು ಸಿಕ್ಕಿತೇನೋ, ಹಿಂದೆ ಸರಿಯಲಿಲ್ಲ. ಮತ್ತೆ ನೀವುತ್ತಾನೆಂದು ಕತ್ತು ಚಾಚಿತು. ಅವನು ಆ ಕತ್ತಿಗೆ ಛೂರಿ ಹಾಕಿದ. ಒಂದೇ ಏಟಿಗೆ ಆಗಲಿಲ್ಲ. ಟಗರು ಬಾಯ್ಬಿಟ್ಟು ಕಿರುಚಿತು, ಅವನನ್ನು ಎಳೆದುಕೊಂಡು ಬೇಲಿಗೆ ನುಗ್ಗಿತು. ಮುಳ್ಳು ಇಬ್ಬರ ಮೈಗೂ ಚುಚ್ಚಿತು. ಅವನು ಬಿಡದೆ ಮತ್ತೆ ಮತ್ತೆ ಹಾಕಿದ. ಬಿಸಿ ರಕ್ತ ಮೊಣಕೈ ತನಕ ಹರಿಯಿತು. ಕೊನೆಗೆ ಅದು ಅವನ ಮೇಲೇ ಕುಸಿದು ಒದ್ದಾಡಿ ಸುಮ್ಮನಾಯಿತು.

ಕಲ್ಲಪ್ಪನ ಮೊದಲ ಏಟು ಅವನ ಬಾಯಿಗೆ ಬಿತ್ತು. ಅವನು ಓಡಿಹೋಗಿ ಎತ್ತಿ ತಂದದ್ದು ಲಾರಿ ಶುರು ಮಾಡಲು ತಿರುಗಿಸುವ ಕಬ್ಬಿಣದ ಹ್ಯಾಂಡ್ಲು. ಹಲ್ಲುಗಳು ನಾಲಿಗೆಯ ಮೇಲೆ ಉದುರಿದವು. ಎರಡನೆಯದು ಹೆಗಲಿಗೆ, ಆಮೇಲಿನವು ಎಲ್ಲೆಲ್ಲಿಗೋ. "ಹೊಟ್ಟೆಕಿಚ್ಚೇನೋ! ಅಪ್ಪಟ ಟಗರು ಕಂಡು ಹೊಟ್ಟೆ ಉರೀತೇನೋ ನಿಂಗೆ!" ಎಂದು ಪ್ರತಿ ಏಟಿಗೂ ಕಲ್ಲಪ್ಪ ಕೇಳುತ್ತಿದ್ದ. ಸಣ್ಣಬೀರಪ್ಪ ಕೈ ಅಡ್ಡ ಹಿಡಿಯಲಿಲ್ಲ. ಹೊಡೀಲಿ ಎಂದುಕೊಂಡ. ಈ ಏಟುಗಳು ಯಲ್ಲಮ್ಮನಿಗೆ ಬೀಳಬೇಕಾದವು, ಇವನ್ನು ನಾನು ತಿನ್ನುತ್ತಿದ್ದೇನೆ, ಮುದ್ದಪ್ಪಾ ನೋಡು ಎಂದುಕೊಂಡ. ನಿಜ ಹೇಳಬೇಕೆಂದರೆ ಆ ಹೊಡೆತದ ನಡುವೆ ಅವನಿಗೆ ಸುಖವೇ ಆಗುತ್ತಿತ್ತು, ವರ್ಷಗಳಿಂದ ಎದೆಯ ಮೇಲಿದ್ದ ಭಾರ ಇಳಿಯುತ್ತಿರುವ ಹಾಗೆ. ಕೆಂಚಮ್ಮ ಅಡ್ಡ ಬಂದು ಒಂದು ಏಟು ತಿಂದು ಬಿದ್ದಳು. ಕೊನೆಗೆ ಫಕ್ರುದ್ದೀನ್ ಸಾಬರೇ ಕಲ್ಲಪ್ಪನನ್ನು ಹಿಂದಿನಿಂದ ತಬ್ಬಿ ಎತ್ತಿ ಆಚೆಗೆ ಎಸೆದರು.

"ಬಸ್! ಮನುಷ್ಯ ಸತ್ರೆ ಗಲ್ಲು ನಿಮಗೆ, ಸಾಕ್ಷಿ ನಾನೇ ಹೇಳ್ತೀನಿ!" ಎಂದು ಗುಡುಗಿದರು. ಮಣ್ಣಿನಲ್ಲಿ ಬಿದ್ದಿದ್ದ ತಮ್ಮ ಛೂರಿಯನ್ನು ಅವರು ಎತ್ತಿಕೊಳ್ಳಲಿಲ್ಲ. ಕಾಲಿನಿಂದ ದೂರ ನೂಕಿದರು.

ಕಲ್ಲಪ್ಪ ಎದ್ದು, ಏದುಸಿರು ಬಿಡುತ್ತ, ನೆರೆದಿದ್ದ ಊರವರಿಗೆಲ್ಲ ಕೇಳುವಂತೆ ಹೇಳಿದ. "ಇವ್ನು ಅಪ್ಪಟ ಅಂತ ಬಾಯಾರೆ ಅಂದಿದ್ದ, ಎಲ್ರೂ ಕೇಳಿದೀರಿ. ಇನ್ಮೇಲೆ ಯಾವನಾದ್ರೂ ಇವ್ನ ಹತ್ರ ಟಗರು ನೋಡ್ಸಕ್ಕೆ ತಂದ್ರೆ ಅವ್ನ ಕೈ ಮುರೀತೀನಿ." ಯಲ್ಲಮ್ಮನ ಕಡೆ ತಿರುಗಿ, "ಏಳೇ. ನಿಂದೇನೂ ತಪ್ಪಿಲ್ಲ. ಚೆನ್ನಾಗಿ ಸಾಕಿದ್ದೆ," ಎಂದು ಲಾರಿಯತ್ತ ನಡೆದ.

ಸಣ್ಣಬೀರಪ್ಪ ಅದನ್ನು ಕೇಳಿದ. 'ನಿಂದೇನೂ ತಪ್ಪಿಲ್ಲ.' ಅಷ್ಟು ಸಾಕಾಗಿತ್ತು ಅವನಿಗೆ. ರಕ್ತ ತುಂಬಿದ ಬಾಯಲ್ಲಿ ಉಸಿರೆಳೆಯುತ್ತ ಬೇಲಿಗೆ ಒರಗಿ, ಯಲ್ಲಮ್ಮ ತನ್ನ ಕಡೆ ನೋಡುತ್ತಾಳೆಂದು ಕಾದ. ಅವಳಿಗಾದರೂ ತಿಳಿಯುತ್ತದೆ, ಅವಳೊಬ್ಬಳಿಗೆ ತಿಳಿದರೆ ಸಾಕು ಎಂದು ಕಾದ.

ಅವಳು ಮುತ್ತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕತ್ತಿನ ಗಾಯದ ಮೇಲೆ ಸೆರಗು ಒತ್ತಿ ಹಿಡಿದಿದ್ದಳು, ಇನ್ನೂ ನಿಲ್ಲಿಸಬಹುದಾದ ರಕ್ತ ಅದು ಎಂಬ ಹಾಗೆ. ಆಮೇಲೆ ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದು ಅವನ ಹತ್ತಿರ ಬಂದಳು. ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಅವನ ಹಣೆಗೆ ಹೊಡೆದಳು. ಮತ್ತೊಮ್ಮೆ ಹೊಡೆದಳು. ಕೆಂಚಮ್ಮ ಎದ್ದು ಬಂದು ಅವಳ ಕೈ ಹಿಡಿಯುವ ತನಕ ಹೊಡೆದಳು.

"ಯಲ್ಲವ್ವ," ಎಂದ ಅವನು. ಮುರಿದ ಹಲ್ಲುಗಳ ಸಂದಿಯಿಂದ ಮಾತು ಸರಿಯಾಗಿ ಹೊರಡಲಿಲ್ಲ. ಕಲ್ಲಪ್ಪನಿಗೆ ಕೇಳಿಸದಿರಲೆಂದು ಪಿಸುಗುಟ್ಟಿದ. "ನಿನಗೋಸ್ಕರ ಕಣವ್ವ."

ಅವಳು ಅವನ ಕಿವಿಯ ಹತ್ತಿರ ಬಾಯಿ ತಂದಳು. ಅವಳ ದನಿಯೂ ಪಿಸುಮಾತೇ.

"ಏಟು ತಿಂತೀನಿ ಅಂತ ಹೇಳಿರ್ಲಿಲ್ವಾ ನಾನು? ಅದನ್ನ ಉಳಿಸು ಅಂತ ತಾನೆ ನಾನು ಕೇಳಿದ್ದು? ನೀನು ನಿನ್ನ ಕುರಿ ಉಳಿಸ್ಕೊಂಡೆ."

ಕಲ್ಲು ಬಿಸಾಕಿ, ಹಿಂದೆ ನೋಡದೆ ಹೋಗಿ ಲಾರಿ ಹತ್ತಿದಳು. ಲಾರಿ ಹೋಯಿತು. ಊರವರೂ ಚದುರಿದರು. ಕೆಂಚಮ್ಮ ನೀರು ತಂದು ಗಂಡನ ಮುಖ ತೊಳೆಯುತ್ತ, "ಏನಂದ್ಲು ಅವ್ಳು?" ಎಂದು ಕೇಳಿದಳು. ಸಣ್ಣಬೀರಪ್ಪ ಹೇಳಲು ಬಾಯಿ ತೆರೆದ. ಬೇಲಿಯೊಳಗೆ ಅವನ ಕುರಿಗಳು, ಎಲ್ಲವೂ, ಒಂದೂ ಕೆಡದೆ, ಒಂದೂ ಕಡಿಮೆಯಾಗದೆ ನಿಂತು ಅವನನ್ನು ನೋಡುತ್ತಿದ್ದವು. ಅವನು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ.